ಗಾರ್ಮೆಂಟ್ಸ್ ಎಚ್‌ಆರ್ ಕೆಲಸ ಬಿಡದೆ ಮ್ಯಾನೇಜ್‌ಮೆಂಟ್ ಪಿಎಚ್‌ಡಿ ಮುಗಿಸಿದ ಕಥೆ

ಕಳೆದ ತಿಂಗಳು ನನ್ನ ವೈವಾ (ಪಿಎಚ್‌ಡಿಯ ಮೌಖಿಕ ಪರೀಕ್ಷೆ) ಮುಗಿಯಿತು. ಬೆಂಗಳೂರಿನ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಎಚ್‌ಆರ್ ಮ್ಯಾನೇಜರ್ ಆಗಿದ್ದುಕೊಂಡೇ, ರಾಜ್ಯದ ಒಂದು ವಿಶ್ವವಿದ್ಯಾಲಯದಲ್ಲಿ ಪಾರ್ಟ್‌ಟೈಮ್ ಪಿಎಚ್‌ಡಿ ಮಾಡಿದೆ. ಎರಡು-ಮೂರು ವರ್ಷ ಚೆನ್ನಾಗಿ ದುಡಿದ ಟೈಲರ್‌ಗಳು ಇದ್ದಕ್ಕಿದ್ದ ಹಾಗೆ ಕೆಲಸ ಬಿಡುವುದು ಯಾಕೆ, ಅದರಲ್ಲಿ ಲೈನ್ ಸೂಪರ್‌ವೈಸರ್ ನಡತೆಯ ಪಾಲು ಎಷ್ಟು ಅನ್ನೋದು ನನ್ನ ವಿಷಯ.

ವೈವಾ ಫೋಟೋ ವಾಟ್ಸಾಪ್‌ನಲ್ಲಿ ಹಾಕಿದ್ದೇ ತಡ, ಬೇರೆ ಕಂಪನಿಗಳ ಗೆಳೆಯರಿಂದ ಫೋನ್ ಮೇಲೆ ಫೋನ್. ‘ನಾನೂ ಮಾಡಬೇಕು ಅಂತಿದೀನಿ, ಎಲ್ಲಿಂದ ಶುರು ಮಾಡ್ಲಿ?’ ಎಲ್ಲರಿಗೂ ಹೇಳಿದ್ದು ಒಂದೇ ಮಾತು. ಮೊದಲು ನಿಮ್ಮ ಕಂಪನಿಯಿಂದ ಡೇಟಾ ಕೊಡ್ತೀವಿ ಅಂತ ಪತ್ರ ತಗೊಳ್ಳಿ, ಆಮೇಲೆ ವಿಷಯ ಆರಿಸಿ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅರ್ಜಿ ಹಾಕಿದ್ದು ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ಹೊಸ ಪಿಎಚ್‌ಡಿ ನಿಯಮ ಬಂದ ಮೇಲೆ. ಆ ನಿಯಮ ನಮ್ಮಂಥವರಿಗೆ ಅನುಕೂಲವೇ. ಪಾರ್ಟ್‌ಟೈಮ್‌ಗೆ ಅವಕಾಶ ಇದೆ, ಸ್ನಾತಕೋತ್ತರದಲ್ಲಿ ಶೇ. 55 ಅಂಕ ಇರಬೇಕು (ಮೀಸಲಾತಿ ಇರುವವರಿಗೆ ಶೇ. 5 ರಿಯಾಯಿತಿ). ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮತ್ತೆ ನೋಂದಣಿ ಮಾಡಿಸಿದರೆ ಇನ್ನೆರಡು ವರ್ಷ ಸಿಗುತ್ತದೆ. ಹೆಣ್ಣುಮಕ್ಕಳಿಗೆ ಅದರ ಮೇಲೆ ಮತ್ತೆ ಎರಡು ವರ್ಷ, ಜೊತೆಗೆ 240 ದಿನದವರೆಗೆ ಹೆರಿಗೆ ರಜೆ. ಪ್ರವೇಶ ಪರೀಕ್ಷೆಯಲ್ಲಿ ಅರ್ಧ ಸಂಶೋಧನಾ ವಿಧಾನ, ಅರ್ಧ ನಿಮ್ಮ ವಿಷಯ. ವಿಷಯದ ಭಾಗ ಮ್ಯಾನೇಜರ್‌ಗಳಿಗೆ ಕಷ್ಟ ಆಗಲ್ಲ. ಸಂಶೋಧನಾ ವಿಧಾನದ ಪ್ರಶ್ನೆಗಳು ಮಾತ್ರ ಕೈ ಕೊಡುತ್ತವೆ. ಟಿ-ಟೆಸ್ಟ್, ಕೈ-ಸ್ಕ್ವೇರ್ ಇಂಥ ಅಂಕಿಅಂಶದ ಪರೀಕ್ಷೆಗಳನ್ನೆಲ್ಲ ಎಂಬಿಎ ಮುಗಿದ ಮೇಲೆ ಯಾರು ಮುಟ್ಟಿರ್ತಾರೆ? ಹಳೇ ನೆಟ್ (ಉಪನ್ಯಾಸಕರ ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಪ್ರಶ್ನೆಪತ್ರಿಕೆ ಬಿಡಿಸಿ ತಯಾರಾದೆ.

ದಾಖಲೆಗಳಲ್ಲಿ ತುಂಬಾ ಓಡಾಡಿಸಿದ್ದು ಎರಡು. ಒಂದು, ಮೈಗ್ರೇಷನ್ ಸರ್ಟಿಫಿಕೇಟ್. ನಾನು ಎಂಬಿಎ ಮಾಡಿದ್ದು ಬೇರೆ ವಿಶ್ವವಿದ್ಯಾಲಯದಲ್ಲಿ. ಅಲ್ಲಿಂದ ಆ ಒಂದು ಹಾಳೆ ಬರುವಷ್ಟರಲ್ಲಿ ಇಲ್ಲಿ ಪ್ರವೇಶದ ಕೊನೇ ದಿನಾಂಕ ಕಣ್ಣ ಮುಂದೆ ಬಂದಿತ್ತು. ಅರ್ಜಿ ಕರೆಯುವ ಮೊದಲೇ ತರಿಸಿಟ್ಟುಕೊಳ್ಳಿ.

ಇನ್ನೊಂದು ಎನ್‌ಒಸಿ. ಪಾರ್ಟ್‌ಟೈಮ್ ಅಭ್ಯರ್ಥಿಗೆ ಕಂಪನಿ ಸುಮ್ನೆ ‘ಆಕ್ಷೇಪಣೆ ಇಲ್ಲ’ ಅಂತ ಒಂದು ಸಾಲು ಬರೆದುಕೊಟ್ಟರೆ ನಡೆಯಲ್ಲ. ಮೂರು ವಿಷಯ ಇರಬೇಕು: ಪಾರ್ಟ್‌ಟೈಮ್ ಓದಲು ಅನುಮತಿ ಇದೆ, ಇವರ ಕೆಲಸದಲ್ಲಿ ಸಂಶೋಧನೆಗೆ ಸಮಯ ಸಿಗುತ್ತದೆ, ಬೇಕಾದರೆ ಕೋರ್ಸ್‌ವರ್ಕ್ (ಪಿಎಚ್‌ಡಿ ಶುರುವಿನ ತರಗತಿಗಳು) ಮುಗಿಸಲು ಕೆಲಸದಿಂದ ಬಿಡುಗಡೆ ಮಾಡುತ್ತೇವೆ. ನಮ್ಮ ಫ್ಯಾಕ್ಟರಿಯಲ್ಲಿ ಎಲ್ಲರಿಗೂ ಇಂಥ ಪತ್ರ ಟೈಪ್ ಮಾಡಿಸುವವಳು ನಾನೇ. ನನ್ನ ಪತ್ರಕ್ಕೆ ನಾನೇ ಸಹಿ ಹಾಕೋಕಾಗುತ್ತಾ? ಜಿಎಂ ಹತ್ತಿರ ಹೋಯಿತು. ಮೂರನೇ ಸಾಲು ಓದಿ ಅವರು ಪೆನ್ನು ಕೆಳಗಿಟ್ಟರು. ‘ಬಿಡುಗಡೆ ಅಂದ್ರೆ? ಶಿಪ್‌ಮೆಂಟ್ ಟೈಮಲ್ಲಿ ನೀವು ಹೋಗಿ ಕ್ಲಾಸಲ್ಲಿ ಕೂತ್ರೆ ಇಲ್ಲಿ ಯಾರು ನೋಡ್ತಾರೆ?’ ಕೋರ್ಸ್‌ವರ್ಕ್ ಪೂರ್ತಿ ನನ್ನ ಇಎಲ್‌ನಲ್ಲೇ (ಗಳಿಕೆ ರಜೆ) ಮುಗಿಸ್ತೀನಿ ಅಂತ ಬರೆದುಕೊಟ್ಟ ಮೇಲೆ ಸಹಿ ಬಿತ್ತು. ಆ ವರ್ಷ ಊರ ಹಬ್ಬಕ್ಕೂ ರಜೆ ಉಳಿಯಲಿಲ್ಲ. ಮಧ್ಯದಲ್ಲಿ ಕಂಪನಿ ಬದಲಾಯಿಸಿದರೆ ಹೊಸ ಕಂಪನಿಯ ಎನ್‌ಒಸಿ ಕೇಳುತ್ತಾರೆ, ಅದೂ ತಲೆಯಲ್ಲಿರಲಿ.

ಗೈಡ್ ಆರಿಸುವಾಗ ಎಲ್ಲರೂ ಅವರ ಪೇಪರ್‌ಗಳನ್ನು ನೋಡ್ತಾರೆ. ನೋಡಿ, ತಪ್ಪಿಲ್ಲ. ಆದರೆ ಅವರ ನಿವೃತ್ತಿ ಯಾವಾಗ ಅಂತಲೂ ವಿಚಾರಿಸಿ. ನಿವೃತ್ತಿಗೆ 3 ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ಅವರು ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವ ಹಾಗಿಲ್ಲ. ಸೀಟಿನ ಲೆಕ್ಕವೂ ಇದೆ. ಪ್ರೊಫೆಸರ್‌ಗೆ 8, ಅಸೋಸಿಯೇಟ್‌ಗೆ 6, ಅಸಿಸ್ಟೆಂಟ್‌ಗೆ 4. ನನಗೆ ಇಷ್ಟವಿದ್ದ ಪ್ರೊಫೆಸರ್ ಹತ್ತಿರ ಜಾಗ ಖಾಲಿ ಇರಲಿಲ್ಲ. ಸಿಕ್ಕಿದ ಗೈಡ್ ಅಸೋಸಿಯೇಟ್ ಪ್ರೊಫೆಸರ್, ಫ್ಯಾಕ್ಟರಿ ಒಳಗೆ ಕಾಲಿಟ್ಟವರಲ್ಲ. ಆದರೆ ತಾಳ್ಮೆ ಇದ್ದ ಮನುಷ್ಯ. ಬರೆದು ಕೊಟ್ಟಿದ್ದನ್ನು ಓದುತ್ತಿದ್ದರು. ಇದೇನು ದೊಡ್ಡ ವಿಷಯ ಅನ್ನಿಸಬಹುದು. ಪಾರ್ಟ್‌ಟೈಮ್ ಮಾಡುತ್ತಿರುವ ಯಾರನ್ನಾದರೂ ಕೇಳಿ ನೋಡಿ.

ಕೋರ್ಸ್‌ವರ್ಕ್‌ನಲ್ಲಿ ನನಗೆ ಮರೆಯದೆ ಉಳಿದದ್ದು ಒಂದೇ ಪಾಠ. ಅಹಮದಾಬಾದ್‌ನ ಕ್ಯಾಲಿಕೋ ಮಿಲ್‌ಗೆ 1953ರಲ್ಲಿ ಲಂಡನ್ನಿನ ಟಾವಿಸ್ಟಾಕ್ ಸಂಸ್ಥೆಯ ಸಂಶೋಧಕ ಎ. ಕೆ. ರೈಸ್ ಬಂದಿದ್ದರು. ಹೊಸ ಆಟೊಮ್ಯಾಟಿಕ್ ಮಗ್ಗ ಹಾಕಿದರೂ ಉತ್ಪಾದನೆ ಏರಿರಲಿಲ್ಲ. ಅವರು ಕೆಲಸಗಾರರನ್ನು ಸಣ್ಣ ಗುಂಪುಗಳಾಗಿ ಮಾಡಿ, ಒಂದೊಂದು ಗುಂಪಿಗೂ ಇಷ್ಟು ಮಗ್ಗ ಅಂತ ವಹಿಸಿಬಿಡುವ ವ್ಯವಸ್ಥೆ ಮಾಡಿದರು. ಉತ್ಪಾದನೆಯೂ ಏರಿತು, ಹಾಳಾಗುವ ಬಟ್ಟೆಯೂ ಕಡಿಮೆಯಾಯಿತು. ನಮ್ಮ ದೇಶದ ಬಟ್ಟೆ ಮಿಲ್ಲಿನ ನೆಲದಲ್ಲಿ ನಡೆದ ಈ ಕೆಲಸವನ್ನು ಪ್ರಪಂಚದ ಮ್ಯಾನೇಜ್‌ಮೆಂಟ್ ಶಾಲೆಗಳಲ್ಲೆಲ್ಲ ಓದುತ್ತಾರೆ. ಇಷ್ಟು ವರ್ಷ ಬಟ್ಟೆ ಉದ್ಯಮದಲ್ಲಿದ್ದೂ ನಾನು ಕೇಳಿರಲಿಲ್ಲ. ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲೂ ಈಚೆಗೆ ಅಂಥದ್ದು ನಡೆದಿದೆ. ಎಲ್‌ಇಡಿ ದೀಪ ಹಾಕಿದರೆ ಶೆಡ್ಡಿನ ಸೆಕೆ ಇಳಿದು ಕೆಲಸ ಚುರುಕಾಗುತ್ತದೆ, ಹೆಣ್ಣುಮಕ್ಕಳಿಗೆ ಮಾತುಕತೆ, ಸಮಯ ನಿರ್ವಹಣೆ ಇಂಥ ತರಬೇತಿ ಕೊಟ್ಟರೆ ಕಂಪನಿಗೇ ಲಾಭ ಅಂತ ಅರ್ಥಶಾಸ್ತ್ರಜ್ಞರು ಇಲ್ಲಿನ ಲೈನ್‌ಗಳಲ್ಲೇ ಅಳೆದು ತೋರಿಸಿದ್ದಾರೆ. ಇದನ್ನು ಓದಿದ ಮೇಲೆ ನನ್ನ ಕೆಲಸಕ್ಕೂ ಒಂದು ಜಾಗ ಇದೆ ಅನ್ನಿಸಿತು.

ಈಗ ಡೇಟಾ ವಿಷಯಕ್ಕೆ ಬರುತ್ತೇನೆ. ನನ್ನ ಹೆಚ್ಚಿನ ಸಮಯ ಹೋಗಿದ್ದು ಇಲ್ಲೇ.

ಹಾಜರಿ, ರಾಜೀನಾಮೆ, ಎಕ್ಸಿಟ್ ಫಾರಂ ಎಲ್ಲ ನನ್ನ ಕಂಪ್ಯೂಟರ್‌ನಲ್ಲೇ ಇತ್ತು. ಆದರೆ ನಾನು ಎಚ್‌ಆರ್ ಆಗಿ ನೋಡುವ ಫೈಲ್ ಬೇರೆ, ಸಂಶೋಧಕಿಯಾಗಿ ನೋಡುವ ಫೈಲ್ ಬೇರೆ. ಪತ್ರ ಕೊಡಿ ಅಂತ ಕೇಳಿದೆ. ಜಿಎಂ ಹೂಂ ಅಂದರು, ಲೀಗಲ್‌ನವರು ಉಹೂಂ ಅಂದರು. 2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆ ಕಾಯ್ದೆ ಮುಂದೆ ಹಿಡಿದರು. ಅದೇ ಕಾಯ್ದೆಯ 17ನೇ ಸೆಕ್ಷನ್ ಸಂಶೋಧನೆಗೆ, ಅಂಕಿಅಂಶಕ್ಕೆ ವಿನಾಯಿತಿ ಕೊಡುತ್ತದೆ. ಒಬ್ಬ ವ್ಯಕ್ತಿಯ ಬಗ್ಗೆ ನಿರ್ಧಾರ ತೆಗೆದುಕೊಳ್ಳಲು ಆ ಡೇಟಾ ಬಳಸಬಾರದು, ಅಷ್ಟೇ ಅಲ್ಲ, ಅದಕ್ಕೆಂದೇ ಇರುವ ಮಾನದಂಡ ಪಾಲಿಸಬೇಕು. ಅದನ್ನು ಗುರುತು ಹಾಕಿ ಕಳಿಸಿದೆ. ಉತ್ತರ ಬರಲು ಮಳೆಗಾಲ ಕಳೆಯಿತು. ಕೊನೆಗೆ ಸಿಕ್ಕಿದ ಪತ್ರದಲ್ಲಿ ಷರತ್ತುಗಳಿದ್ದವು. ಹೆಸರು, ಟೋಕನ್ ನಂಬರ್, ಯುಎಎನ್ (ಪಿಎಫ್ ಸದಸ್ಯರ ಸಂಖ್ಯೆ) ತೆಗೆದುಹಾಕಬೇಕು. ಕಂಪನಿ ಹೆಸರು ಎಲ್ಲೂ ಬರಬಾರದು. ಪ್ರಕಟಿಸುವ ಮೊದಲು ಅವರಿಗೆ ತೋರಿಸಬೇಕು.

ಕೊನೆಯ ಷರತ್ತಿಗೆ ಮಾತ್ರ ಹಾಗೇ ಒಪ್ಪಬೇಡಿ. ‘ತೋರಿಸುತ್ತೇನೆ’ ಅಂತ ಇರಲಿ, ‘ಒಪ್ಪಿಗೆ ಪಡೆಯುತ್ತೇನೆ’ ಅಂತ ಬೇಡ. ಪಿಎಚ್‌ಡಿ ಘೋಷಣೆಗೆ ಮೊದಲು ವಿಶ್ವವಿದ್ಯಾಲಯ ನಿಮ್ಮ ಪ್ರಬಂಧವನ್ನು ಇನ್‌ಫ್ಲಿಬ್‌ನೆಟ್‌ಗೆ (ಯುಜಿಸಿಯ ಗ್ರಂಥಾಲಯ ಜಾಲ ಕೇಂದ್ರ) ಕಳಿಸಲೇಬೇಕು, ಅದು ಶೋಧಗಂಗಾ ಅನ್ನುವ ಆನ್‌ಲೈನ್ ಪ್ರಬಂಧ ಸಂಗ್ರಹದಲ್ಲಿ ಎಲ್ಲರಿಗೂ ಕಾಣುತ್ತದೆ. ಆಗ ಕಂಪನಿ ತಡೆದರೆ ನೀವು ಸಿಕ್ಕಿಹಾಕಿಕೊಳ್ಳುತ್ತೀರಿ.

ಇತ್ತ ವಿಶ್ವವಿದ್ಯಾಲಯದ ಎಥಿಕ್ಸ್ ಕಮಿಟಿ ತನ್ನ ಪ್ರಶ್ನೆ ಎತ್ತಿತು. ‘ನೀವೇ ಎಚ್‌ಆರ್. ನೀವು ಪ್ರಶ್ನಾವಳಿ ಕೊಟ್ಟರೆ ಯಾವ ಕೆಲಸಗಾರ್ತಿ ನಿಜ ಹೇಳ್ತಾಳೆ?’ ನ್ಯಾಯವಾದ ಮಾತು. ಹಾಗಾಗಿ ನಮ್ಮ ಫ್ಯಾಕ್ಟರಿಯಿಂದ ಹಳೇ ದಾಖಲೆ ಮಾತ್ರ, ಪ್ರಶ್ನಾವಳಿ ಮತ್ತು ಸಂದರ್ಶನ ಬೇರೆ ಫ್ಯಾಕ್ಟರಿಯವರಿಂದ ಅಂತ ಯೋಜನೆ ಹಾಕಿದೆವು. ಅದೂ ಗೇಟಿನ ಒಳಗಲ್ಲ, ಅವರ ಮನೆಗಳಲ್ಲಿ, ಭಾನುವಾರ.

ಎಷ್ಟು ಜನ? 384. ಮ್ಯಾನೇಜ್‌ಮೆಂಟ್ ಪಿಎಚ್‌ಡಿ ಮಾಡಿದವರಿಗೆ ಈ ಸಂಖ್ಯೆ ಕೇಳಿದರೆ ನಗು ಬರುತ್ತದೆ. 1970ರಲ್ಲಿ ಕ್ರೆಜ್ಸಿ ಮತ್ತು ಮಾರ್ಗನ್ ಅನ್ನುವವರು ಮಾಡಿಟ್ಟ ಒಂದು ಕೋಷ್ಟಕದಿಂದ ಬಂದದ್ದು. ಜನಸಂಖ್ಯೆ ಎಷ್ಟು ದೊಡ್ಡದಿದ್ದರೂ ಸ್ಯಾಂಪಲ್ 384ರ ಹತ್ತಿರ ಬಂದು ನಿಲ್ಲುತ್ತದೆ. ಶೋಧಗಂಗಾದಲ್ಲಿ ಹುಡುಕಿ, ಬ್ಯಾಂಕ್ ಗ್ರಾಹಕರಿಂದ ಹಿಡಿದು ಹಾಲು ಉತ್ಪಾದಕರವರೆಗೆ ಎಷ್ಟೊಂದು ಕಡೆ 384 ಸಿಗುತ್ತದೆ. ಆ ಕೋಷ್ಟಕ ಯಾದೃಚ್ಛಿಕವಾಗಿ (ಲಾಟರಿ ಎತ್ತಿದ ಹಾಗೆ) ಆರಿಸಿದ ಸ್ಯಾಂಪಲ್‌ಗೆ ಮಾತ್ರ. ನಾನು ಪರಿಚಯದವರ ಮೂಲಕ ಮನೆಮನೆಗೆ ಹೋಗುವವಳು, ನನಗೆ ಅದು ಹೊಂದಲ್ಲ ಅಂತ ವಾದಿಸಿದೆ. ‘ನೋಡಮ್ಮಾ, ಹೊರಗಿನ ಪರೀಕ್ಷಕರು ಕೇಳ್ತಾರೆ, ಇರಲಿ’ ಅಂದರು ಗೈಡ್. ಇತ್ತು. ಇಂಥ ಕಡೆ ಜಗಳ ಆಡಿ ವರ್ಷ ಕಳೆಯುವುದಕ್ಕಿಂತ, 384 ಪೂರೈಸಿ, ನಿಮಗೆ ಬೇಕಾದ ಸಂದರ್ಶನಗಳನ್ನು ಜೊತೆಗೆ ಸೇರಿಸಿಕೊಳ್ಳುವುದು ವಾಸಿ.

ಪ್ರಶ್ನಾವಳಿಯಿಂದ ಬಂದದ್ದು ಹೆಚ್ಚೇನಿಲ್ಲ. ಒಂದರಿಂದ ಐದರವರೆಗೆ ಗುರುತು ಹಾಕಿ ಅಂದರೆ ಬಹಳ ಜನ ಸಾಲಾಗಿ ನಾಲ್ಕಕ್ಕೆ ಗುರುತು ಹಾಕಿಕೊಟ್ಟರು. ಸೂಪರ್‌ವೈಸರ್ ಗೌರವದಿಂದ ಮಾತಾಡ್ತಾರಾ? ನಾಲ್ಕು. ಬೈತಾರಾ? ಅದಕ್ಕೂ ನಾಲ್ಕು.

ವಿಷಯ ಸಿಕ್ಕಿದ್ದು ಲಗ್ಗೆರೆಯ ಒಂದು ವಠಾರದಲ್ಲಿ. ಬೆಳಿಗ್ಗೆ ನೀರು ಬಿಟ್ಟಿದ್ದರು, ಬಾಗಿಲ ತುಂಬ ಕೊಡಗಳು. ಆ ಮನೆಯಾಕೆ ಓವರ್‌ಲಾಕ್ ಮಷಿನ್ ಆಪರೇಟರ್. ಯಾಕೆ ಕೆಲಸ ಬಿಟ್ರಿ ಅಂತ ಕೇಳಿದ್ದಕ್ಕೆ ಬೀರುವಿನ ಮೇಲಿಂದ ಒಂದು ಪ್ಲಾಸ್ಟಿಕ್ ಕವರ್ ಇಳಿಸಿದರು. ಒಳಗೆ ರಬ್ಬರ್ ಬ್ಯಾಂಡ್ ಹಾಕಿದ ಐಡಿ ಕಾರ್ಡುಗಳು, ಮೂರು ಬೇರೆ ಬೇರೆ ಫ್ಯಾಕ್ಟರಿಯವು. ‘ಬೇಜಾರಾಗಿ ಬಿಟ್ಟಿದ್ದಲ್ಲ ಮೇಡಂ. ಇದು ಬಿಟ್ಟಾಗ ಮಗಳ ಸ್ಕೂಲ್ ಫೀಸು. ಇದು ಬಿಟ್ಟಾಗ ಲೀಸಿಗೆ ದುಡ್ಡು ಹೊಂದಿಸಬೇಕಿತ್ತು. ಪಿಎಫ್ ತೆಗೀಬೇಕಲ್ಲ.’ ಸೂಪರ್‌ವೈಸರ್ ಹೇಗಿದ್ದ ಅಂದೆ. ‘ಅವನು ಬೈತಿದ್ದ. ಎಲ್ಲಾ ಕಡೆನೂ ಬೈತಾರೆ. ಅದಕ್ಕೆಲ್ಲ ಬಿಟ್ರೆ ಆಗುತ್ತಾ?’

ಇದರ ಹಿಂದೆ ಲೆಕ್ಕ ಇದೆ. ಆಗಿನ ನಿಯಮದಲ್ಲಿ ಕೆಲಸದಲ್ಲಿ ಇದ್ದುಕೊಂಡೇ ಮದುವೆಗೋ ಓದಿಗೋ ಪಿಎಫ್ ಅಡ್ವಾನ್ಸ್ ತೆಗೆಯಲು 7 ವರ್ಷದ ಸದಸ್ಯತ್ವ ಬೇಕಿತ್ತು. ಕೆಲಸ ಬಿಟ್ಟು 2 ತಿಂಗಳು ಸುಮ್ಮನಿದ್ದರೆ ಪೂರ್ತಿ ಹಣ ಕೈಗೆ ಬರುತ್ತಿತ್ತು. ಹಾಗಾಗಿ ಬಿಡುತ್ತಾರೆ, ಹಣ ತೆಗೆಯುತ್ತಾರೆ, ಪಕ್ಕದ ಫ್ಯಾಕ್ಟರಿಗೆ ಸೇರುತ್ತಾರೆ. 5 ವರ್ಷ ತುಂಬದೆ ಬಿಟ್ಟಿದ್ದರಿಂದ ಗ್ರ್ಯಾಚುಟಿ ಕೈತಪ್ಪುತ್ತದೆ, ಹೊಸ ಕಡೆ ಸರ್ವೀಸ್ ಮೊದಲಿಂದ ಶುರು. 2016ರ ಏಪ್ರಿಲ್‌ನಲ್ಲಿ ಪಿಎಫ್ ತೆಗೆಯುವುದಕ್ಕೆ ಕಡಿವಾಣ ಹಾಕಲು ಹೊರಟಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಸಾವಿರಗಟ್ಟಲೆ ರಸ್ತೆಗಿಳಿದು ಸರ್ಕಾರವೇ ಹಿಂದೆ ಸರಿಯುವ ಹಾಗೆ ಮಾಡಿದ್ದು ನೆನಪಿದೆಯಲ್ವಾ? ಆ ಹಣ ಅವರಿಗೆ ಎಷ್ಟು ಮುಖ್ಯ ಅಂತ ಇಡೀ ಊರಿಗೆ ಗೊತ್ತಾಗಿತ್ತು. ನಮ್ಮ ಎಕ್ಸಿಟ್ ಫಾರಂನಲ್ಲಿ ಮಾತ್ರ ಅದಕ್ಕೊಂದು ಕಾಲಂ ಇರಲಿಲ್ಲ. ‘ವೈಯಕ್ತಿಕ ಕಾರಣ’ ಅಂತ ಟಿಕ್ ಮಾಡಿ ಕಳಿಸುತ್ತಿದ್ದೆವು.

ಇದನ್ನು ಬರೆದುಕೊಂಡು ಎರಡೂ ಕಡೆ ಹೋದೆ. ಆರು ತಿಂಗಳಿಗೊಮ್ಮೆ ನಡೆಯುವ ಸಂಶೋಧನಾ ಸಲಹಾ ಸಮಿತಿಯಲ್ಲಿ ಒಬ್ಬರು ಕೇಳಿದರು, ‘ಇದು ಸರಿ, ಆದ್ರೆ ಇದರಲ್ಲಿ ಥಿಯರಿ ಎಲ್ಲಿ?’ ಫ್ಯಾಕ್ಟರಿಯಲ್ಲಿ ಜಿಎಂ ಸ್ಲೈಡ್‌ಗಳನ್ನು ಪಟಪಟ ದಾಟಿಸಿ, ‘ಸರಿ ಡಾಕ್ಟರಮ್ಮ, ಸೋಮವಾರ ನಾನೇನು ಮಾಡ್ಲಿ ಹೇಳಿ’ ಅಂದರು. ಎರಡು ದೋಣಿ ಮೇಲೆ ಕಾಲಿಟ್ಟ ಸ್ಥಿತಿ. ನನಗೆ ಬೇಜಾರು ಬಂದದ್ದು ಜಿಎಂ ಮೇಲಲ್ಲ. ಅವರದ್ದು ನೇರ ಪ್ರಶ್ನೆ, ಉತ್ತರ ಇದ್ದರೆ ಹೇಳಬಹುದು. ಥಿಯರಿ ಕೇಳಿದವರು ಮಾತ್ರ ಯಾವ ಥಿಯರಿ ಅಂತ ಹೇಳಲಿಲ್ಲ. ಕೆಲಸ ಬಿಡುವ ಮನಸ್ಸು ಹಂತಹಂತವಾಗಿ ಹೇಗೆ ಬಲಿಯುತ್ತದೆ ಅನ್ನುವ ಮಾಬ್ಲಿಯವರ 1977ರ ಮಾದರಿ ತೆಗೆದುಕೊಂಡು, ಅದು ಅತೃಪ್ತಿಯಿಂದಲೇ ಶುರುವಾಗುತ್ತದಲ್ಲ, ನಮ್ಮ ಹೆಣ್ಣುಮಕ್ಕಳ ವಿಷಯದಲ್ಲಿ ಅತೃಪ್ತಿ ಇಲ್ಲದೆಯೂ ಬಿಡುವ ದಾರಿ ಒಂದಿದೆ ಅಂತ ತೋರಿಸಿದ ಮೇಲೆ ಸಮಿತಿ ತಲೆಯಾಡಿಸಿತು. ಮ್ಯಾನೇಜ್‌ಮೆಂಟ್ ಚಿಂತಕ ಸುಮಂತ್ರ ಘೋಷಾಲ್ ಇಂಡಿಯನ್ ಆಯಿಲ್‌ನಲ್ಲಿ ದುಡಿದು ಆಮೇಲೆ ಎಂಐಟಿ, ಹಾರ್ವರ್ಡ್ ಎರಡರಲ್ಲೂ ಡಾಕ್ಟರೇಟ್ ಮಾಡಿದವರು. ಅಂಥವರು ಈ ಎರಡು ಭಾಷೆಯ ಜನರ ನಡುವೆ ಹೇಗೆ ನಿಭಾಯಿಸಿದರೋ ಅಂತ ಆಗಾಗ ಯೋಚನೆ ಬರುತ್ತಿತ್ತು.

ಪೇಪರ್ ಪ್ರಕಟಣೆಯ ರಗಳೆ ಚಿಕ್ಕದಾಗಿ ಹೇಳುತ್ತೇನೆ. 2022ರ ನಿಯಮದಲ್ಲಿ ಪ್ರಕಟಣೆ ಕಡ್ಡಾಯ ಅಂತಿಲ್ಲ. ಆದರೆ ವಿಶ್ವವಿದ್ಯಾಲಯಗಳು ತಮ್ಮದೇ ನಿಯಮ ಇಟ್ಟುಕೊಳ್ಳಬಹುದು, ನಮ್ಮದು ಇಟ್ಟುಕೊಂಡಿತ್ತು. ಯುಜಿಸಿ-ಕೇರ್ ಪಟ್ಟಿಯ (ಯುಜಿಸಿ ಒಪ್ಪಿದ ಜರ್ನಲ್‌ಗಳ ಪಟ್ಟಿ) ಜರ್ನಲ್ ಒಂದಕ್ಕೆ ಕಳಿಸಿ ಕಾಯುತ್ತಿದ್ದೆ. 2025ರ ಫೆಬ್ರವರಿಯಲ್ಲಿ ಯುಜಿಸಿ ಆ ಪಟ್ಟಿಯನ್ನೇ ನಿಲ್ಲಿಸಿತು! ಈಗ ಯಾವುದು ಲೆಕ್ಕಕ್ಕೆ ಬರುತ್ತದೆ ಅಂತ ಕೇಳಿದರೆ ಕಚೇರಿಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿದರು. ಕೊನೆಗೆ ಲಿಖಿತವಾಗಿ ಕೇಳಿ, ಲಿಖಿತ ಉತ್ತರ ಪಡೆದೆ. ನೀವೂ ಹಾಗೇ ಮಾಡಿ. ಈ ಗೊಂದಲದಲ್ಲೇ ‘ಸ್ಕೋಪಸ್ ಪೇಪರ್ ಗ್ಯಾರಂಟಿ’ (ಸ್ಕೋಪಸ್ ಅಂದರೆ ಜರ್ನಲ್‌ಗಳ ಒಂದು ಅಂತರರಾಷ್ಟ್ರೀಯ ಪಟ್ಟಿ) ಅಂತ ಮೆಸೇಜ್ ಕಳಿಸುವವರು ಹುಟ್ಟಿಕೊಳ್ಳುತ್ತಾರೆ. ಬ್ಲಾಕ್ ಮಾಡಿ.

ಖರ್ಚು ಎಲ್ಲರೂ ಕೇಳ್ತಾರೆ. ವರ್ಷದ ಶುಲ್ಕ ನನಗೆ 30,000 ರೂಪಾಯಿ ಆಸುಪಾಸು ಬಿತ್ತು, ಪ್ರಬಂಧ ಸಲ್ಲಿಸುವಾಗ ಮೌಲ್ಯಮಾಪನ ಶುಲ್ಕ ಬೇರೆ. ಅಂಕಿಅಂಶಕ್ಕೆ ‘ಅನಾಲಿಸಿಸ್ ಮಾಡಿಕೊಡ್ತೀವಿ’ ಅನ್ನುವ ಅಂಗಡಿಗಳಿವೆ. ನಾನು ಹೋಗಲಿಲ್ಲ, ದುಡ್ಡಿಗಿಂತ ಹೆಚ್ಚಾಗಿ ವೈವಾದಲ್ಲಿ ಉತ್ತರ ಹೇಳಬೇಕಾದವಳು ನಾನು ಅಂತ. ಆರ್ ಅನ್ನುವ ಉಚಿತ ಸಾಫ್ಟ್‌ವೇರ್ ಕಲಿತೆ. ರಾತ್ರಿ ಮಗ ಮಲಗಿದ ಮೇಲೆ. ಸಂದರ್ಶನ ಕೊಟ್ಟವರಿಗೆ ಅರ್ಧ ದಿನದ ಕೂಲಿಯಷ್ಟು ಕೊಟ್ಟೆ, ಭಾನುವಾರ ಅವರಿಗೂ ಒಂದೇ. ಇದನ್ನು ಯಾರೂ ಬಜೆಟ್‌ನಲ್ಲಿ ಹಾಕುವುದಿಲ್ಲ, ನೀವು ಹಾಕಿ. ಆಟೋ, ಜೆರಾಕ್ಸ್, ಬೈಂಡಿಂಗ್ ಸೇರಿಸಿದರೆ ಶುಲ್ಕಕ್ಕಿಂತ ಇಂಥದ್ದೇ ಜಾಸ್ತಿ.

ಸಲ್ಲಿಸುವ ವಾರ ಒಂದು ಹೊಸ ತಲೆನೋವು. ಕನ್ನಡ ಪ್ರಶ್ನಾವಳಿಯನ್ನು ಡಿಟಿಪಿಯವರು ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದರು, ಯೂನಿಕೋಡ್‌ನಲ್ಲಿ ಅಲ್ಲ. ಪಿಡಿಎಫ್ ಮಾಡಿ ವಿಶ್ವವಿದ್ಯಾಲಯದ ಕಂಪ್ಯೂಟರ್‌ನಲ್ಲಿ ತೆರೆದರೆ ಅನುಬಂಧ ಪೂರ್ತಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಪ್ಲೇಜಿಯರಿಸಂ ಸಾಫ್ಟ್‌ವೇರ್ ಅದನ್ನು ಏನಂತ ಓದಿತೋ ದೇವರಿಗೇ ಗೊತ್ತು. ಪರಿವರ್ತಕದಲ್ಲಿ ಹಾಕಿ, ಒತ್ತಕ್ಷರಗಳನ್ನು ಕೈಯಾರೆ ತಿದ್ದಿದೆ. ಹೋಲಿಕೆ ಶೇ. 10ರ ಒಳಗಿರಬೇಕು. ನಿಮ್ಮದೇ ಪ್ರಕಟಿತ ಪೇಪರ್ ಕೂಡ ಹೋಲಿಕೆಯಲ್ಲಿ ಬರುತ್ತದೆ, ಅದನ್ನು ಬಿಡಿಸಲು ಗೈಡ್ ಪ್ರಮಾಣಪತ್ರ ಮೊದಲೇ ಇಟ್ಟುಕೊಳ್ಳಿ.

ಆಮೇಲೆ ಕಾಯುವುದು. ಗೈಡ್ ಅಲ್ಲದೆ ಹೊರಗಿನ ಇಬ್ಬರು ಪರೀಕ್ಷಕರು ಓದಬೇಕು. ಸಲ್ಲಿಕೆಯಿಂದ ವೈವಾವರೆಗೆ ಆರು ತಿಂಗಳಲ್ಲಿ ಮುಗಿಸಬೇಕು ಅಂತ ನಿಯಮ ಇದೆ. ನಂದು ಹೆಚ್ಚುಕಡಿಮೆ ಅಷ್ಟೇ ಆಯಿತು. ಒಂದು ವರದಿ ಬೇಗ ಬಂತು. ಇನ್ನೊಬ್ಬರದು ಬರಲೇ ಇಲ್ಲ. ವಿಭಾಗಕ್ಕೆ ಫೋನ್ ಮಾಡಿದರೆ ‘ಕಾನ್ಫಿಡೆನ್ಷಿಯಲ್ ಮೇಡಂ’ ಅನ್ನೋರು. ಈ ಹೊತ್ತಲ್ಲಿ ಮನಸ್ಸು ಒಂಥರಾ ಆಗುತ್ತದೆ. ಓದೋಕಾಗಲ್ಲ, ಬರೆಯೋಕಾಗಲ್ಲ, ಫ್ಯಾಕ್ಟರಿಯಲ್ಲಿ ಎಲ್ಲರೂ ‘ಆಯ್ತಾ?’ ಅಂತ ಕೇಳ್ತಾರೆ. ನಾನು ಬಾಕಿ ಇದ್ದ ಆಡಿಟ್ ಫೈಲುಗಳನ್ನೆಲ್ಲ ಈ ಅವಧಿಯಲ್ಲೇ ಮುಗಿಸಿದೆ.

ವೈವಾದಲ್ಲಿ ಪರೀಕ್ಷಕರು ಚೆನ್ನಾಗಿ ಓದಿಕೊಂಡು ಬಂದಿದ್ದರು. 384ರ ಬಗ್ಗೆ ಒಂದು ಪ್ರಶ್ನೆಯೂ ಬರಲಿಲ್ಲ. ಅವರು ಹಿಡಿದದ್ದು ಪಿಎಫ್ ವಿಷಯ. ‘2025ರ ಅಕ್ಟೋಬರ್‌ನಲ್ಲಿ ಪಿಎಫ್ ನೋಡಿಕೊಳ್ಳುವ ಇಪಿಎಫ್‌ಒ ಮಂಡಳಿ ನಿಯಮ ಬದಲಿಸುವ ತೀರ್ಮಾನ ಮಾಡಿದೆ. ನಿಮ್ಮ ಫಲಿತಾಂಶ ಇನ್ನೂ ನಿಲ್ಲುತ್ತಾ?’ ಒಳ್ಳೇ ಪ್ರಶ್ನೆ. ಆ ತೀರ್ಮಾನದ ಪ್ರಕಾರ ಪೂರ್ತಿ ಹಣಕ್ಕೆ ಕಾಯುವ ಅವಧಿ 2 ತಿಂಗಳಿನಿಂದ 12 ತಿಂಗಳಿಗೆ ಏರುತ್ತದೆ. ಆದರೆ ಕೆಲಸದಲ್ಲಿದ್ದುಕೊಂಡೇ ಅಡ್ವಾನ್ಸ್ ತೆಗೆಯಲು 12 ತಿಂಗಳ ಸೇವೆ ಸಾಕು. ಹಣಕ್ಕಾಗಿಯೇ ಬಿಡುತ್ತಿದ್ದರು ಅನ್ನುವ ನನ್ನ ಮಾತು ನಿಜವಾಗಿದ್ದರೆ, ಇನ್ನು ಮುಂದೆ ಅಂಥ ರಾಜೀನಾಮೆ ಕಡಿಮೆ ಆಗಬೇಕು. ಆಗದಿದ್ದರೆ ನಾನು ಬೇರೆ ಕಾರಣ ಹುಡುಕಬೇಕು ಅಂದೆ. ಪರೀಕ್ಷಕರು ಬರೆದುಕೊಂಡರು.

ಜಿಎಂ ಕೇಳಿದ ಸೋಮವಾರದ ಪ್ರಶ್ನೆಗೆ ಉತ್ತರ ಅಷ್ಟರಲ್ಲೇ ಸಿಕ್ಕಿತ್ತು. ಕ್ಯಾಂಟೀನ್ ಪಕ್ಕ ಒಂದು ಪಿಎಫ್ ಟೇಬಲ್ ಹಾಕಿದ್ದೇವೆ. ಊಟದ ಹೊತ್ತಲ್ಲಿ ನಮ್ಮ ಹುಡುಗಿ ಒಬ್ಬಳು ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತಾಳೆ. ಅರ್ಧಕ್ಕರ್ಧ ಜನರ ತೊಂದರೆ ಆಧಾರ್‌ನಲ್ಲಿ ಒಂದು ಹೆಸರು, ಪಿಎಫ್‌ನಲ್ಲಿ ಇನ್ನೊಂದು ಹೆಸರು ಇರುವುದು. ಅದನ್ನು ಸರಿಪಡಿಸಿ ಅಡ್ವಾನ್ಸ್ ಅರ್ಜಿ ಹಾಕಿಕೊಡುತ್ತಾಳೆ. ಎಕ್ಸಿಟ್ ಫಾರಂನಲ್ಲಿ ಕಾಲಂ ಕೂಡ ಸೇರಿದೆ.

ಪಿಎಚ್‌ಡಿ ಮುಗಿದ ಮೇಲೆ ಮುಂದೇನು ಅಂದುಕೊಳ್ಳುವವರಿಗೆ ಎರಡು ಮಾತು. ಯುಜಿಸಿಯ 2023ರ ತಿದ್ದುಪಡಿ ಪ್ರಕಾರ ಅಸಿಸ್ಟೆಂಟ್ ಪ್ರೊಫೆಸರ್ ಆಗಲು ನೆಟ್ ಅಥವಾ ಕೆಸೆಟ್ (ರಾಜ್ಯ ಮಟ್ಟದ ಅರ್ಹತಾ ಪರೀಕ್ಷೆ) ಕನಿಷ್ಠ ಅರ್ಹತೆ, ಪಿಎಚ್‌ಡಿ ಐಚ್ಛಿಕ. ಪಾಠ ಮಾಡುವುದಷ್ಟೇ ನಿಮ್ಮ ಗುರಿಯಾದರೆ ಮೊದಲು ಕೆಸೆಟ್ ಬರೆಯಿರಿ. ಇನ್ನು 15 ವರ್ಷ ಉದ್ಯಮದ ಅನುಭವ ಇದ್ದರೆ ‘ಪ್ರೊಫೆಸರ್ ಆಫ್ ಪ್ರಾಕ್ಟೀಸ್’ ದಾರಿ ಇದೆ. ಯುಜಿಸಿ 2022ರಲ್ಲಿ ತಂದದ್ದು, ಅದಕ್ಕೆ ಪಿಎಚ್‌ಡಿಯೇ ಬೇಡ. ಆದರೆ ಕಾಯಂ ಹುದ್ದೆ ಅಲ್ಲ, ಹೆಚ್ಚೆಂದರೆ 4 ವರ್ಷ. ನಾನು ಸದ್ಯಕ್ಕೆ ಫ್ಯಾಕ್ಟರಿಯಲ್ಲೇ ಇದ್ದೇನೆ, ಶನಿವಾರ ಒಂದು ಕಾಲೇಜಿನಲ್ಲಿ ಎಂಬಿಎ ಮಕ್ಕಳಿಗೆ ಪಾಠ ಮಾಡುತ್ತೇನೆ. ಗೌರವಧನದಲ್ಲಿ ಶೇ. 10 ಟಿಡಿಎಸ್ ಹಿಡಿಯುತ್ತಾರೆ, ರಿಟರ್ನ್ ಹಾಕುವಾಗ ಮರೆಯಬೇಡಿ.

ಪ್ರಬಂಧ ಶೋಧಗಂಗಾಕ್ಕೆ ಹೋಗಿದೆ. ಕನ್ನಡ ಪ್ರಶ್ನಾವಳಿ ಅನುಬಂಧದಲ್ಲಿದೆ, ಗಾರ್ಮೆಂಟ್ಸ್ ಬಗ್ಗೆ ಸಂಶೋಧನೆ ಮಾಡುವವರು ಬಳಸಿಕೊಳ್ಳಿ. ಪಿಎಫ್ ಕುರಿತ ಪ್ರಶ್ನೆಗಳನ್ನು ಮಾತ್ರ ಹಾಗೇ ಕಾಪಿ ಮಾಡಬೇಡಿ, ಅವು ಹಳೇ ನಿಯಮಕ್ಕೆ ಬರೆದವು. ಒಂದರಿಂದ ಐದರ ಗುರುತೂ ಬೇಡ, ಹೌದು-ಇಲ್ಲ ಇಡಿ, ಕೆಳಗೆ ಮಾತಾಡಲು ನಾಲ್ಕು ಸಾಲು ಜಾಗ ಬಿಡಿ.